ಉಪ್ಪಿಲ್ಲದ ಕೂಗು

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಯಾರ ದನಿ ಕೇಳಿದರೂ ಹಾಗೇ ಮಾಡಿ ತೋರಿಸದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಈ ಚಟಕ್ಕೆ ಮೇಷ್ಟ್ರ ಏಟು, ಕಂಡಕ್ಟರನ ಬೈಗುಳ ಎಲ್ಲ ತಿಂದಿದ್ದೇನೆ. ಅವತ್ತು ಅದನ್ನು ಕುರಿಗಳ ಮೇಲೂ ಪ್ರಯೋಗಿಸಿದೆ.

ನನ್ನ ಸೋದರಮಾವನಿಗೆ ಹಳೆಯ ಕಲ್ಲೆಂದರೆ ಪ್ರಾಣ. ನನ್ನನ್ನು ಹೊಸದುರ್ಗದಿಂದ ಬೈಕಿನಲ್ಲಿ ಹೊರಡಿಸಿ ಬೆಳಿಗ್ಗೆ ದುರ್ಗದ ಕೋಟೆ ಹತ್ತಿಸಿದ್ದರು. ಮಧ್ಯಾಹ್ನ ಹಿರಿಯೂರು ದಾಟಿ, ಹರಿಯಬ್ಬೆ ಕಡೆಯ ಕುರುಚಲು ಗುಡ್ಡವೊಂದರ ಬುಡದಲ್ಲಿ ಗಾಡಿ ನಿಲ್ಲಿಸಿದರು. ದಾರಿಯುದ್ದಕ್ಕೂ ಅವರು ಹೇಳಿದ ಇತಿಹಾಸವನ್ನು ನಾನು ಹಿಂದೆ ಕೂತು ಅವರದೇ ದನಿಯಲ್ಲಿ ಅವರಿಗೆ ಒಪ್ಪಿಸಿದ್ದೆ. "ಲೇ, ನಿನ್ ಸ್ವಂತ ದನಿ ಯಾವ್ದಲೇ?" ಎಂದಿದ್ದರು. ನನಗೂ ನೆನಪಿರಲಿಲ್ಲ.

ಕುರಿ ಮೇಯಿಸುತ್ತಿದ್ದ ಅಕ್ಕ ಒಬ್ಬಳು ಮಾವ ಹುಡುಕಿ ಬಂದಿದ್ದ, ಆದಿಮಾನವರು ಚಿತ್ರ ಬಿಡಿಸಿದ್ದ ಬಂಡೆ ತೋರಿಸಿದಳು. "ಹುರ್ರ್... ಬ್ಯಾ ಬಾ" ಎಂದು ಕೂಗಿ, ಓಡಿ ಬಂದ ಕುರಿಗಳಿಗೆ ಹಾಸುಗಲ್ಲಿನ ಮೇಲೆ ಉಪ್ಪು ಚೆಲ್ಲಿದಳು. "ಸುಮ್‌ಸುಮ್ನೆ ಕರೆಯಂಗಿಲ್ಲ, ಕರೆದ್ರೆ ಏನಾರ ಕೊಡ್ಬೇಕು. ಕೆಳಗೆ ಹೋಗಿ ನೀರು ತರ್ತೀನಿ, ಒಂದ್ ಕಣ್ಣಿಟ್ಟಿರ್ರಿ," ಎಂದು ಹೋದಳು. ನಾನು ಕಲಿತದ್ದು ಕೂಗನ್ನು ಮಾತ್ರ.

ಬಂಡೆಯ ಮರೆಯಲ್ಲಿ ಕೆಮ್ಮಣ್ಣಿನ ಬಣ್ಣದ ಎತ್ತು, ಪಕ್ಕದಲ್ಲೊಬ್ಬ ಕಡ್ಡಿಯಂಥ ಮನುಷ್ಯ. ಎತ್ತಿನ ಬೆನ್ನ ಮೇಲೆ ಯಾರೋ ಸುಣ್ಣದಲ್ಲಿ ತಮ್ಮ ಪ್ರೇಮ ಬರೆದಿದ್ದರು. ಮಾವ ಮಂಕಾಗಿ ಕೂತುಬಿಟ್ಟರು. ಅವರನ್ನು ನಗಿಸಲೆಂದು ಅಕ್ಕನ ಕೂಗು ಹಾಕಿದೆ. ಕುರಿಗಳು ದಡದಡ ಹತ್ತಿ ಬಂದು ನನ್ನ ಬರಿಗೈ ಮೂಸಿದವು. ಮಾವ ನಕ್ಕು, "ಇನ್ನೊಂದ್ಸಲ ಕೂಗಲೇ" ಎಂದು ಮೊಬೈಲ್ ಹಿಡಿದರು. ಕೂಗುತ್ತಲೇ ಹೋದೆ. ಕೊನೆಕೊನೆಗೆ ಒಂದೂ ತಲೆ ಎತ್ತಲಿಲ್ಲ.

ಹೊತ್ತು ಇಳಿಯಿತು. ಆ ಗುಡ್ಡದಲ್ಲಿ ಚಿರತೆ ಓಡಾಡುತ್ತದಂತೆ. ಕತ್ತಲಾಗುವುದರೊಳಗೆ ಮಂದೆ ಹಟ್ಟಿ ಸೇರಲೇಬೇಕು. ಅಕ್ಕ ಬಂದು ಕೂಗಿದಳು. ಬಂಡೆಗಳ ನಡುವೆ ಚದುರಿದ್ದ ಕುರಿಗಳು ಅವಳತ್ತ ನೋಡಿ ಮತ್ತೆ ಮೇಯತೊಡಗಿದವು. ಇನ್ನೂ ಜೋರಾಗಿ ಕೂಗಿದಳು. ಊಹೂಂ.

"ಏನಾತಪ್ಪ ಇವಕ್ಕೆ?" ಎಂದು ನನ್ನ ಮುಖ ನೋಡಿದಳು. ನಾನು ನನ್ನ ಚಪ್ಪಲಿ ನೋಡಿಕೊಂಡೆ.

ಮುಳ್ಳಿಗೆ ಮೈ ತರಚಿಸಿಕೊಂಡು ಮೂವರೂ ಓಡಾಡಿ ಅಟ್ಟಿ ಇಳಿಸಿದೆವು. ಒಂದು ತಾಯಿಕುರಿ ಮಾತ್ರ ಸಿಗಲಿಲ್ಲ. ಅದರ ಮರಿ ಅಕ್ಕನ ಕಾಲ ಬಳಿ ನಿಂತು ಅರಚುತ್ತಿತ್ತು. ಅವಳು ಗುಡ್ಡದ ಕಡೆ ಮುಖ ಮಾಡಿ ಕೂಗುತ್ತಲೇ ಇದ್ದಳು. ಮೇಲಿನಿಂದ ಸದ್ದೇ ಇಲ್ಲ.

"ಹುಡುಗ ತಮಾಷೆಗೆ ನಿನ್ನಂಗೇ ಕೂಗ್ದ, ಬೇಜಾರ್ ಮಾಡ್ಕಬ್ಯಾಡಮ್ಮ," ಎಂದರು ಮಾವ.

ಅವಳು ತಿರುಗಲೂ ಇಲ್ಲ.

"ತಮಾಷೆ ಅಂತ ನಿಮಗೆ ಗೊತ್ತೈತೆ ಸ್ವಾಮಿ. ಕುರಿಗೆ ಯಾರು ಹೇಳ್ಬೇಕು?"