ಕ್ರೋಧದ ಚಿತ್ರಕ್ಕೆ ಕುಳಿತದ್ದು

ಬ್ಯಾಡಗಿಯಲ್ಲಿ ನನ್ನದು ಮೆಣಸಿನಕಾಯಿ ದಲಾಲಿ ಅಂಗಡಿ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಅದನ್ನು ಮುಚ್ಚಿಡಬೇಕೆಂದು ಎಂದೂ ಅನ್ನಿಸಿರಲಿಲ್ಲ. ಸಿಟ್ಟಿಲ್ಲದವನ ಅಂಗಡಿ ನಡೆಯುವುದಿಲ್ಲ ಎಂದೇ ನಂಬಿದ್ದೆ.

ರಾಣೆಬೆನ್ನೂರಿನ ಕಲಾವಿದೆಯೊಬ್ಬರು ಅರಿಷಡ್ವರ್ಗಗಳನ್ನು ಚಿತ್ರಿಸುತ್ತಿದ್ದರು. ಲೋಭ, ಮದ, ಮೋಹ ಎಲ್ಲವೂ ನಮ್ಮ ಸುತ್ತಲಿನ ಜನರ ರೂಪದಲ್ಲೇ. ಅವರ ‘ಮತ್ಸರ’ದಲ್ಲಿ ಮದುವೆಯ ಪಂಕ್ತಿಗೆ ಕುಳಿತ ಹೆಂಗಸೊಬ್ಬಳು ಪಕ್ಕದವಳ ಬಳೆ ನೋಡುತ್ತ ಹೋಳಿಗೆ ಅಗಿಯುತ್ತಾಳೆ. ಕೋರೆಹಲ್ಲಿಲ್ಲ, ಕೆಂಗಣ್ಣಿಲ್ಲ, ಆದರೂ ಆ ಹೋಳಿಗೆ ಅವಳ ಗಂಟಲಲ್ಲಿ ಇಳಿಯುತ್ತಿಲ್ಲ ಎಂದು ನೋಡಿದೊಡನೆ ತಿಳಿಯುತ್ತದೆ. ಇಂಥ ಕೈ ಸಾವಿರಕ್ಕೊಬ್ಬರಿಗೆ. ನಾನಂತೂ ಬೆರಗಾಗಿಬಿಟ್ಟೆ.

ಹಂಗಾಮಿನಲ್ಲಿ ಅವರು ಬೆಳಿಗ್ಗೆ ಬಸ್ಸಿಗೆ ಬಂದು ನಮ್ಮ ಅಂಗಳದ ಮೂಲೆಯಲ್ಲಿ ಕೆಮ್ಮುತ್ತ ಕುಳಿತು ಸ್ಕೆಚ್ ಮಾಡುತ್ತಿದ್ದರು. ಆಗಲೇ ಒಂದು ದಿನ ತೊಟ್ಟು ಬಿಡಿಸುವ ಮುದುಕಿ, ಅಪ್ಪನ ಕಾಲದಿಂದ ನಮ್ಮಲ್ಲಿದ್ದವಳು, ಡಬ್ಬಿ ಕಾಯಿಯ ರಾಶಿಗೆ ಕಡ್ಡಿ ಕಾಯಿ ಸುರಿದುಬಿಟ್ಟಳು. ಎರಡೂ ಬೇರೆ ತಳಿ. ಬೆರೆತ ರಾಶಿಯನ್ನು ಯಾವ ಖರೀದಿದಾರನೂ ಮೂಸಿ ನೋಡುವುದಿಲ್ಲ. ನಾನು ಬಾಯಿಗೆ ಬಂದಂತೆ ಬೈದೆ. ಮರುದಿನದಿಂದ ಅವಳು ಬರಲಿಲ್ಲ. ಬೇರೆ ಅಂಗಡಿಗೂ ಹೋಗಲಿಲ್ಲವೆಂದು ಕೇಳಿದೆ. ಅವಳ ಜಾಗದಲ್ಲಿ ಮತ್ತೊಬ್ಬರನ್ನು ಕೂರಿಸಲು ಮನಸ್ಸಾಗಲಿಲ್ಲ. ಬಂದೇ ಬರುತ್ತಾಳೆ ಎಂದು ಕಾದೆ. ಕರೆಯಲು ಮಾತ್ರ ಹೋಗಲಿಲ್ಲ.

ವಾರದ ಮೇಲೆ ಕಲಾವಿದೆ, ‘ಕ್ರೋಧ’ಕ್ಕೆ ಕೂರುತ್ತೀರಾ ಎಂದು ಕೇಳಿದರು. ನನಗೆ ನಗು ಬಂತು, ಒಳಗೊಳಗೇ ಹೆಮ್ಮೆಯೂ ಆಯಿತು. ಮೂರು ಭಾನುವಾರ ಹಲಗೇರಿ ರಸ್ತೆಯ ಅವರ ಮನೆಗೆ ಹೋಗಿ ಹುಬ್ಬು ಗಂಟಿಕ್ಕಿ ಕುಳಿತೆ. ಪೇಟೆಯಲ್ಲೆಲ್ಲ ಹೇಳಿಕೊಂಡೂ ಬಂದೆ.

ಹಾವೇರಿಯಲ್ಲಿ ಪ್ರದರ್ಶನವಾದಾಗ ಇಸ್ತ್ರಿ ಅಂಗಿ ತೊಟ್ಟು ಹೆಂಡತಿಯನ್ನೂ ಕರೆದುಕೊಂಡು ಹೋದೆ. ಚಿತ್ರದಲ್ಲಿ ನನ್ನ ಮುಖವೇ ಇರಲಿಲ್ಲ. ಅಂಚಿನಲ್ಲಿ ಬೆರಳು ಚಾಚಿದ ಕೈಯೊಂದು, ನನ್ನ ಉಂಗುರದ ಸಮೇತ. ನಡುವೆ ಆ ಮುದುಕಿ. ಖಾರದ ಕೈಗಳನ್ನು ಮೈಯಿಂದ ದೂರ ಹಿಡಿದು ಭುಜಕ್ಕೆ ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ. ಮೆಣಸಿನಕಾಯಿ ಮುಟ್ಟಿದವರು ಯಾರೂ ಕಣ್ಣಿಗೆ ಕೈ ತಾಗಿಸುವುದಿಲ್ಲ. ನಮ್ಮ ಅಂಗಳದಲ್ಲಿ ಎಲ್ಲರ ಕಣ್ಣಲ್ಲೂ ಸದಾ ನೀರು. ಘಾಟಿಗೆ ಬಂದದ್ದು ಯಾವುದು, ಅತ್ತದ್ದು ಯಾವುದು ಎಂದು ಇಷ್ಟು ವರ್ಷ ನಾನು ನೋಡಿಯೇ ಇರಲಿಲ್ಲ. ಒಂದೇ ಹಂಗಾಮು ಕುಳಿತವರಿಗೆ ಅದು ಕಂಡಿತ್ತು.

ನನ್ನ ಮುಖ ಯಾಕೆ ಬಿಟ್ಟಿರಿ ಎಂದು ಕೇಳಿದೆ. ಮೂರು ಭಾನುವಾರವೂ ನೀವು ನಟಿಸುತ್ತಿದ್ದಿರಿ ಎಂದರು. ಅವರ ಮೇಲೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ನಾಚಿಕೆಯೂ ಆಯಿತು. ಆದರೂ ಆ ಚಿತ್ರದ ಮುಂದಿನಿಂದ ಕಾಲು ಕೀಳಲಾಗಲಿಲ್ಲ, ಅಷ್ಟು ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಮುದುಕಿಯ ಮನೆಗೆ ಹೋದೆ. ತಪ್ಪಾಯಿತು, ಕೆಲಸಕ್ಕೆ ಬಾ ಎಂದೆ. ಅವಳು ನನಗೆ ಚಾಪೆ ಹಾಸಿ, ತಾನು ನಿಂತೇ ಹೇಳಿದಳು:

“ಬರ್ತೀನ್ರಿ. ಬೈಯ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಸೊಸಿ ಮುಂದ ಬೈಬ್ಯಾಡ್ರಿ. ಮನ್ಯಾಗ ಆಕಿ ನನ್ನ ಮಾತು ಕೇಳ್ತಿದ್ಲು.”

ಆ ದಿನ ಅದೇ ರಾಶಿಯ ಮುಂದೆ ಅವಳ ಸೊಸೆಯೂ ಕುಳಿತಿದ್ದಳೆಂಬುದು ನನಗೆ ಗೊತ್ತೇ ಇರಲಿಲ್ಲ.