ಮಾರ್ತಮ್ಮನ ಕೆಮ್ಮು

ಮಾರ್ತಮ್ಮನಿಗೆ ಕ್ಷಯ ಇರಲಿಲ್ಲ. ಇದೆ ಎಂದು ಹುಣಸೂರಿನ ನಮ್ಮ ಕ್ರೈಸ್ತ ಸಭೆಗೆಲ್ಲ ಹಬ್ಬಿಸಿದವಳು ನಾನು — ರಾಹೇಲಮ್ಮ, ಹೆಣ್ಣುಮಕ್ಕಳಿಗೆ ಓದು ಹೇಳಿಕೊಡುತ್ತಿದ್ದವಳು, ದೇವಾಲಯದಲ್ಲಿ ಮುಂದಿನ ಸಾಲಿನಲ್ಲೇ ಕೂರುತ್ತಿದ್ದವಳು. ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ಈಗ ಮುದುಕಿಯಾಗಿದ್ದೇನೆ, ಯಾರ ಹಂಗೂ ಇಲ್ಲ, ಬರೆಯುತ್ತೇನೆ.

ಕಾರಣ ಕೆಮ್ಮಲ್ಲ, ಎಂಜಲು. ಕ್ರಿಸ್ತನ ನೆನಪಿಗೆ ರೊಟ್ಟಿ ಮುರಿದು ದ್ರಾಕ್ಷಾರಸ ಕುಡಿಯುವ ಕರ್ತನ ಭೋಜನದಲ್ಲಿ ಎಲ್ಲರಿಗೂ ಒಂದೇ ಬಟ್ಟಲು. ನಾನು ಪಿರಿಯಾಪಟ್ಟಣದ ಕಡೆಯ ಒಕ್ಕಲಿಗರ ಮನೆಯವಳು, ಗಂಡ ಸತ್ತ ಮೇಲೆ ಕ್ರಿಸ್ತನನ್ನು ನಂಬಿ ಬಂದವಳು. ಮಾರ್ತಮ್ಮ ಊರಾಚೆಯ ಕೇರಿಯಿಂದ ಬಂದವಳು. ಪ್ರಾರ್ಥನೆಯಲ್ಲಿ ಅವಳನ್ನು ಅಕ್ಕ ಎನ್ನುತ್ತಿದ್ದೆ — ಬಟ್ಟಲು ಅವಳ ತುಟಿಯಿಂದ ನನ್ನ ಕೈಗೆ ಬಂದಾಗ ಮಾತ್ರ ಅದನ್ನು ತುಟಿಗೆ ತಾಗಿಸುತ್ತಿರಲಿಲ್ಲ. ಕುಡಿದ ಹಾಗೆ ನಟಿಸಿ ಮುಂದಕ್ಕೆ ದಾಟಿಸುತ್ತಿದ್ದೆ. ಯಾವ ಬಾಯಲ್ಲಿ ಅಕ್ಕ ಎಂದೆನೋ ಅದೇ ಬಾಯಿ... ಥೂ!

ಅವಳು ಉಣ್ಣೆ ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಉಣ್ಣೆಯ ದೂಳಿಗೆ ಕೆಮ್ಮುತ್ತಿದ್ದಳು, ಅಷ್ಟೆ. ಒಂದು ದಿನ ನಮ್ಮ ಪಾದ್ರಿ ಅಯ್ಯನವರ ಕಿವಿಗೆ ಹಾಕಿದೆ:

"ಮಾರ್ತಮ್ಮಂಗೆ ಕ್ಷಯ ಇದ್ದಂಗದೆ ಅಯ್ಯಾ. ಕೆಮ್ದಾಗ ರಕ್ತ ಬಂತು, ನಾನೇ ಕಣ್ಣಾರೆ ಕಂಡೆ. ಬಟ್ಲು ಅವ್ಳಿಗೆ ಕೊನೇಲಿ ಕೊಡಿ."

ರಕ್ತ ನಾನು ಕಂಡೇ ಇರಲಿಲ್ಲ. ಅಂದಿನಿಂದ ಮಾರ್ತಮ್ಮನ ಜಾಗ ಬಾಗಿಲ ಪಕ್ಕ, ಸರದಿ ಎಲ್ಲರಿಗೂ ಕೊನೆ. ನಾನು ನೆಮ್ಮದಿಯಾಗಿ ಕುಡಿದೆ. ಆದರೆ ಮಾತು ದೇವಾಲಯದೊಳಗೇ ನಿಲ್ಲುತ್ತದೆಯೇ? ಅವಳ ಮಗಳು ಸಾರಾಳನ್ನು ನೋಡಲು ಹೆಗ್ಗಡದೇವನಕೋಟೆಯಿಂದ ಬಂದವರು, "ಕ್ಷಯದ ಮನೆ ಹೆಣ್ಣು ಬ್ಯಾಡ ಬುಡಿ" ಎಂದು ಎದ್ದು ಹೋದರು.

ಆಗಲಾದರೂ ಬಾಯಿ ಬಿಟ್ಟೆನೇ — ಇಲ್ಲ. ಹೊಸ ವರ್ಷದ ಬೆಳಿಗ್ಗೆ, ಬಟ್ಟಲು ಮುಟ್ಟುವ ಮೊದಲು, ಒಬ್ಬೊಬ್ಬರೂ ಎದ್ದು ಈ ವರ್ಷ ಯಾವ ಪಾಪ ಬಿಡುತ್ತೇವೆಂದು ದೇವರ ಮುಂದೆ ಹೇಳುವುದು ನಮ್ಮ ಸಭೆಯ ಪದ್ಧತಿ. ನಾನು ವರ್ಷವರ್ಷವೂ ನಶ್ಯ ಬಿಡುತ್ತೇನೆ ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ದೇವರ ಕಣ್ಣಿಗೂ ನಶ್ಯ ಎರಚಬಹುದು ಅಂದುಕೊಂಡಿದ್ದೆನೋ ಏನೋ!

ಕೆಲವು ವರ್ಷಗಳ ಮೇಲೆ ಸಾರಾಳಿಗೆ ಮತ್ತೆ ಗಂಡು ಬಂತು, ಬೆಟ್ಟದಪುರದ ಕಡೆಯವರು. ಹೊಸ ವರ್ಷದ ಆರಾಧನೆಗೆ ಅವರೂ ಬಂದು ಕೂತಿದ್ದರು. ಗಂಡಿನ ತಾಯಿ ತಿರುಗಿ ತಿರುಗಿ ಬಾಗಿಲ ಪಕ್ಕದ ಮಾರ್ತಮ್ಮನನ್ನೇ ನೋಡುತ್ತಿದ್ದಳು. ಈ ಸಂಬಂಧವೂ ಮುರಿಯುತ್ತದೆ ಎನ್ನಿಸಿತು. ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಯಾವ ಮುಖದಲ್ಲಿ ಕ್ರಿಸ್ತನ ಹೆಸರು ಹೇಳಿ ವರ್ಷ ಶುರು ಮಾಡಲಿ? ನನ್ನ ಸರದಿ ಬಂತು. ಎದ್ದೆ. ಹೇಳಿದೆ — ರಕ್ತ ಸುಳ್ಳು, ಕ್ಷಯ ಸುಳ್ಳು, ಅವಳ ಎಂಜಲಿಗೆ ನಾನು ಹೇಸಿದ್ದು ನಿಜ.

ಸಭೆಯ ಹಿರಿಯ ಯೋಹಾನಪ್ಪನವರು ಗದರಿದರು: "ವರ್ಸದ ಮೊದಲ್ನೇ ದಿನ ಎಂಥ ಮಾತವ್ವ ಇದು? ನೆಂಟ್ರ ಮುಂದೆ ಸಭೆ ಮಾನ ಕಳೀತೀಯಾ? ಕುಂತ್ಕೊ!"

"ಕುಂತ್ಕಳಾಕಿಲ್ಲ ಕಣ್ರೀ. ಇಷ್ಟು ವರ್ಸ ಕುಂತಿದ್ದೇ ತಪ್ಪಾಯ್ತು."

ಬಾಗಿಲ ಬಳಿ ಹೋಗಿ ಮಾರ್ತಮ್ಮನ ಕೈ ಹಿಡಿದೆ. ಕೊಸರಿಕೊಂಡಳು. ತಾನೇ ನಡೆದು ಬಂದು ಎಲ್ಲರಿಗಿಂತ ಮೊದಲು ಕುಡಿದಳು. ಅವಳ ಹಿಂದೆಯೇ ನಾನು ಕುಡಿದೆ. ಸ್ವಲ್ಪ ತಡೆದು ಗಂಡಿನ ತಾಯಿಯೂ ಕುಡಿದಳು. ಆ ಬೇಸಿಗೆಯಲ್ಲಿ ಸಾರಾಳ ಮದುವೆಯಾಯಿತು. ನನ್ನನ್ನು ಓದು ಹೇಳಿಕೊಡುವ ಕೆಲಸದಿಂದ ತೆಗೆದರು, ತೆಗೆಯಲಿ. ಯೋಹಾನಪ್ಪನವರು ಇಂದಿಗೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ, ತಿರುಗಿಸಲಿ.

ಆ ಹೊಸ ವರ್ಷದ ದಿನವೇ, ಆರಾಧನೆ ಮುಗಿದ ಮೇಲೆ, ಅಂಗಳದಲ್ಲಿ ಮಾರ್ತಮ್ಮನ ಕಾಲು ಹಿಡಿಯಲು ಬಗ್ಗಿದ್ದೆ.

"ಏಳವ್ವ," ಎಂದಳು. "ಮಗ್ಳಿಗೆ ಒಳ್ಳೇದಾದ್ರೆ ಸಂತೋಸ. ಆದ್ರೆ ಕೆಮ್ಮು ಬಂದಾಗೆಲ್ಲ ಬಾಯಿಗೆ ಸೆರಗು ತುರುಕ್ಕಂಡು ತಡ್ಕಂಡೆನಲ್ಲ... ಅದ್ನ ಕ್ಷಮಿಸಾಕೆ ನನ್ ಕೈಲಾಗಾಕಿಲ್ಲ."

ಕ್ಷಮಿಸುವುದು ಬೇಡ ಮಾರ್ತಮ್ಮ. ನಾನು ಕೇಳುವುದೂ ಇಲ್ಲ. ಅಂದಿನಿಂದ ಪ್ರತಿ ಹೊಸ ವರ್ಷವೂ ಎದ್ದು ಅದನ್ನೇ ಹೇಳುತ್ತೇನೆ. ಒಂದು ಸಲ ಹೇಳಿದೆಯಲ್ಲ, ಸಾಕು ಬಿಡು ಎನ್ನುತ್ತಾರೆ. ಸುಳ್ಳನ್ನೂ ನಾನು ಒಂದೇ ಸಲ ಹೇಳಿದ್ದು. ಅದು ಊರೂರು ತಿರುಗಿತು. ಉಸಿರಿರುವ ತನಕ ಎದ್ದು ಹೇಳುತ್ತೇನೆ, ಯಾರು ಕೂರಿಸುತ್ತಾರೋ ನೋಡುತ್ತೇನೆ.