ನಲವತ್ತೊಂದನೇ ಇಂಚಿನ ಗೀಟು

ಕಡೂರಿನ ಬಸ್ ನಿಲ್ದಾಣದ ಹತ್ತಿರದ ನನ್ನ ಅಂಗಡಿಯ ಒಳಗೋಡೆಯಲ್ಲಿ, ಮೊಳೆಯೊಂದಕ್ಕೆ ಹಳೆಯ ಅಳತೆ ಟೇಪು ತೂಗುಬಿದ್ದಿದೆ. ಹುಟ್ಟಿನಿಂದ ಅದು ಹಳದಿ. ನನ್ನ ಬೆರಳಿನ ಎಣ್ಣೆ, ರೆಕ್ಸಿನ್ ಅಂಟು, ರಸ್ತೆಯ ಧೂಳು ಸೇರಿ ಈಗ ಇಂಥದೇ ಬಣ್ಣವೆಂದು ಹೇಳಲು ಬಾರದ ಸ್ಥಿತಿಗೆ ಬಂದಿದೆ. ಅದರ ನಲವತ್ತೊಂದನೇ ಇಂಚಿನ ಮೇಲೆ ನೀಲಿ ಪೆನ್ನಿನ ಒಂದು ಗೀಟಿದೆ. ಬೈಕಿನ ಸೀಟು, ಆಟೋದ ಹುಡ್, ಟ್ರ್ಯಾಕ್ಟರಿನ ಮೆತ್ತೆ, ಶಾಲೆಯ ಚೀಲ, ಹೀಗೆ ಜಡವಸ್ತುಗಳ ಉದ್ದಗಲ ಹಿಡಿಯುವುದರಲ್ಲೇ ಮೂವತ್ತು ವರ್ಷ ಸವೆಸಿದ ನನಗೆ, ಮನುಷ್ಯನ ಅಳತೆ ಹಿಡಿಯುವುದು ಬೇರೆಯೇ ವಿದ್ಯೆ ಎಂದು ಕಲಿಸಿದ್ದು ಆ ಗೀಟು. ಕಲಿತದ್ದು ತಡವಾಗಿ. ತಡವಾಗಿ ಕಲಿತ ಪಾಠ ಯಾವ ಪರೀಕ್ಷೆಗೂ ಒದಗುವುದಿಲ್ಲ, ಬಿಡಿ.

ಕಥೆ ಶುರುವಾದದ್ದು ತರೀಕೆರೆಯ ಲೋಹಿತನಿಂದ. ಶಾಮಿಯಾನ, ಮೈಕು, ದೀಪಗಳ ವ್ಯಾಪಾರದ ಹುಡುಗ; ಒಳ್ಳೆಯವನೇ, ಸುಳ್ಳು ಹೇಳಬೇಕಾಗಿ ಬಂದಾಗ ನಾಚಿಕೊಳ್ಳುವಷ್ಟು ಒಳ್ಳೆಯವನು. ಟಿ.ವಿ.ಯಲ್ಲಿ ಬರುತ್ತದಲ್ಲ, ಹಗ್ಗ ಕಟ್ಟಿದ ಚೌಕದೊಳಗೆ ಹಾಡು, ಹೊಗೆ, ಗರ್ಜನೆಗಳ ನಡುವೆ ನಡೆಯುವ ಕುಸ್ತಿ, ಅಂಥದನ್ನು ನಮ್ಮಲ್ಲೂ ಟಿಕೆಟ್ ಇಟ್ಟು ಆಡಿಸಬೇಕೆಂದು ಅವನೂ ಅವನ ಗೆಳೆಯರೂ ಹೊರಟಿದ್ದರು. ಕಡೂರು, ತರೀಕೆರೆ, ಅಜ್ಜಂಪುರ ಮೂರಕ್ಕೂ ಸೇರಿ ಒಬ್ಬನೇ ಚಾಂಪಿಯನ್. ಅವನಿಗೆ ಗದೆಯಲ್ಲ, ಸೊಂಟಕ್ಕೆ ಕಟ್ಟುವ ಬೆಲ್ಟು. ಹಿತ್ತಾಳೆಯ ಫಲಕವನ್ನು ಪಾತ್ರೆ ಅಂಗಡಿಯವರಿಂದ ಬಡಿಸಿ ತಂದಿದ್ದ. ಅದಕ್ಕೊಂದು ಪಟ್ಟಿ ಹೊಲಿಯುವ ಕೆಲಸ ನನ್ನದು.

“ಯಾರ ಸೊಂಟಕ್ಕಪ್ಪ?” ಎಂದೆ.

“ಗೆಲ್ಲೋನು ಯಾರು ಅಂತ ನಾವೇ ಕೂತ್ಕೊಂಡು ಗೊತ್ತು ಮಾಡ್ತೀವಿ ಅಂಕಲ್, ಇನ್ನೂ ಟೈಮ್ ಐತೆ. ಸದ್ಯಕ್ಕೆ ಯಾರಾದ್ರೂ ಪೈಲ್ವಾನ್ರ ಅಳತೆಗೆ ಹೊಲೀರಿ” ಎಂದು ಹೋದ.

ಯಾರಾದರೂ ಪೈಲ್ವಾನರೆಂದರೆ ನನಗೆ ಗೊತ್ತಿದ್ದವನು ಒಬ್ಬನೇ, ತಿಪ್ಪೇಶಿ. ನನ್ನ ಜೊತೆ ಓದಿದವನು, ಅಜ್ಜಂಪುರದವನು. ದಿನಾ ಬಸ್ಸಿನಲ್ಲಿ ಬಂದು ಇಲ್ಲಿಯ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುತ್ತಾನೆ. ಹರೆಯದಲ್ಲಿ ಅವನು ಕುಸ್ತಿಗೆ ಇಳಿದರೆ ಎದುರಿನವನ ಉಸ್ತಾದ್ ಮೊದಲೇ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ. ಅವನ ಬೆನ್ನಿಗೆ ಕುಸ್ತಿ ಮಟ್ಟಿಯ ಕೆಮ್ಮಣ್ಣು ಹತ್ತಿದ್ದನ್ನು ಕಂಡವರಿಲ್ಲ. ಆದರೆ ಹಣೆಬರಹ ನೋಡಿ: ಬೆಳ್ಳಿ ಗದೆಗಾಗಿ ಎರಡು ಸಲ ಕಣಕ್ಕಿಳಿದ, ಎರಡು ಸಲವೂ ಕತ್ತಲಾಗುವವರೆಗೆ ಯಾರೂ ಬೀಳದೆ, ಕುಸ್ತಿ ಸಮ ಎಂದು ಸಾರಿ, ಗದೆಯನ್ನು ಬಟ್ಟೆ ಸುತ್ತಿ ಕಮಿಟಿಯವರೇ ವಾಪಸು ಒಯ್ದರು. ಸೋಲದವನಿಗೂ ಗೆಲುವು ಸಿಗಲೇಬೇಕೆಂಬ ನಿಯಮ ಎಲ್ಲೂ ಇಲ್ಲವಲ್ಲ!

ಮಧ್ಯಾಹ್ನ ಟೀ ಕುಡಿಯಲು ಬಂದವನನ್ನು ನಿಲ್ಲಿಸಿ, ಕೈ ಮೇಲೆತ್ತಿಸಿ, ಸೊಂಟಕ್ಕೆ ಟೇಪು ಸುತ್ತಿದೆ. “ಏನ್ಲಾ ಇದು?” ಎಂದ. “ಚಾಂಪಿಯನ್ ಬೆಲ್ಟು ಕಣೋ, ಮೂರು ತಾಲ್ಲೂಕಿಂದು” ಎಂದೆ, ನಗುತ್ತ. ಅವನು ನಗಲಿಲ್ಲ. ಎತ್ತಿದ ಕೈಗಳನ್ನು ಇಳಿಸಲೂ ಮರೆತು, ಗೋಡೆಯ ಮೇಲಿನ ಹನುಮಂತನ ಕ್ಯಾಲೆಂಡರನ್ನೇ ನೋಡುತ್ತ ನಿಂತುಬಿಟ್ಟ. ನಾನು ನಲವತ್ತೊಂದರ ಮೇಲೆ ಗೀಟು ಹಾಕಿದೆ.

ಆ ಗೀಟಿನ ಅರ್ಥ ನಿಮಗೆ ತಿಳಿಯಬೇಕಾದರೆ ಅವನ ಗರಡಿಯ ಒಂದು ಪದ್ಧತಿ ತಿಳಿಯಬೇಕು. ದೊಡ್ಡ ಕುಸ್ತಿ ಬಂದಾಗ ಗರಡಿಯ ಪರವಾಗಿ ಯಾರನ್ನು ಇಳಿಸಬೇಕೆಂದು ಉಸ್ತಾದರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಿದರೆ ಉಳಿದವರ ಮನಸ್ಸು ಮುರಿಯುತ್ತದಂತೆ. ಅರಿಶಿನದ ದಾರ ತಂದು, ಆರಿಸಿದವನ ಸೊಂಟದ ಅಳತೆ ತೆಗೆದು, ದಾರವನ್ನು ಹನುಮಂತನ ಪಾದದಲ್ಲಿಡುತ್ತಿದ್ದರು, ಅಷ್ಟೆ. ಆ ಅಳತೆಗೆ ಹೊಸ ಕಾಚ ಬರುತ್ತಿತ್ತು. ಅಳತೆ ತೆಗೆದ ಮೇಲೆ ಮಾತು ಕೊಟ್ಟಂತೆ. ಮತ್ತೆ ಯಾರೂ ಏನೂ ಕೇಳುವಂತಿಲ್ಲ, ಹೇಳುವಂತಿಲ್ಲ.

ನನಗಿದು ಗೊತ್ತಿರಲಿಲ್ಲವೆಂದು ನೀವು ಉದಾರವಾಗಿ ಊಹಿಸುತ್ತಿದ್ದರೆ, ಬೇಡ. ಹದಿನಾರನೇ ವಯಸ್ಸಿನಲ್ಲಿ ಮೂರು ತಿಂಗಳು ಅದೇ ಗರಡಿಯ ಮಣ್ಣು ಅಗೆದವನು ನಾನು. ಟೇಪು ಸುತ್ತುವಾಗ ಮರೆತಿದ್ದೆ, ನಿಜ. ಅವನ ಮುಖ ಕಂಡಾಗ ನೆನಪಾಯಿತು, ಅದೂ ನಿಜ. ‘ಲೇ, ಇದು ಬರೀ ಅಂದಾಜಿಗೆ ಕಣೋ’ ಎಂಬ ಒಂದು ಮಾತು ನಾಲಗೆಯ ತುದಿಗೆ ಬಂದು ಕೂತಿತ್ತು. ನಾಳೆ ಹೇಳಿದರಾಯಿತು ಎಂದು ನುಂಗಿದೆ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ ದೊಡ್ಡವರು. ಆಡದಿದ್ದರೂ ಹೋಗುತ್ತದೆ, ಸ್ವಾಮಿ.

ಮಾರನೆಯ ವಾರದಿಂದ ತಿಪ್ಪೇಶಿ ಬೆಳಗಿನ ಜಾವ ಗರಡಿಗೆ ಹೋಗತೊಡಗಿದ. ಪಾಳು ಬಿದ್ದಿದ್ದ ಮಟ್ಟಿಯನ್ನು ಒಬ್ಬನೇ ಅಗೆದು, ಹೆಂಟೆ ಒಡೆದು, ಎಣ್ಣೆ ಮಜ್ಜಿಗೆ ಹುಯ್ದು ಹದ ಮಾಡಿದನಂತೆ. ನಲವತ್ತಾರರ ಮೈ ಸಾಮು ಮಾಡುವಾಗ ಎಲ್ಲೆಲ್ಲಿ ನೊಂದಿತೋ, ಅವನಂತೂ ಹೇಳಲಿಲ್ಲ. ದಿನಾ ಅಂಗಡಿಗೆ ಬಂದು ಬೆಲ್ಟನ್ನು ಕಣ್ಣಿನಲ್ಲೇ ಸವರಿ ಹೋಗುತ್ತಿದ್ದ. ಒಂದು ದಿನವೂ ಕೈಯಿಂದ ಮುಟ್ಟಲಿಲ್ಲ. ಆಮೇಲೊಂದು ದಿನ ಅವನ ಹೆಂಡತಿ ಗಿರಿಜಮ್ಮ ಸಂತೆಗೆ ಬಂದವಳು ಬಾಗಿಲಲ್ಲಿ ನಿಂತಳು.

“ಪರಮೇಶಣ್ಣ, ನಮ್ಮನೇರು ಬೀಡಿ ಬಿಟ್ಬಿಟ್ರು ಕಣಣ್ಣ! ಇಷ್ಟು ವರ್ಷ ಹೇಳಿ ಹೇಳಿ ನನ್ ಬಾಯಿ ಬಿದ್ದೋಗಿತ್ತು. ಅದೇನ್ ಮದ್ದು ಹಾಕ್ದೆ ನೀನು?”

ಅವಳ ಕಣ್ಣಲ್ಲಿ ನೀರಿತ್ತು. ಅಯ್ಯೋ ಶಿವನೇ, ಆಗ ನಾನು ಯಾವ ಬಾಯಲ್ಲಿ ಹೇಳಲಿ? ನಾಲ್ಕು ಬೆಲ್ಲದ ಮಿಠಾಯಿ ಅವಳ ಚೀಲಕ್ಕೆ ಹಾಕಿ ಕಳಿಸಿದೆ. ಒಳಗೊಳಗೇ ಲೋಹಿತನೇ ತಿಪ್ಪೇಶಿಯನ್ನು ಆರಿಸಲಿ, ನನ್ನ ತಪ್ಪು ತಾನೇ ಸರಿಹೋಗಲಿ ಎಂದು ಹರಕೆ ಹೊತ್ತೆ. ಹೇಡಿಯ ಹರಕೆಯನ್ನು ಯಾವ ದೇವರು ಕೇಳುತ್ತಾನೆ?

ಲೋಹಿತ ತಿಪ್ಪೇಶಿಯನ್ನು ಆರಿಸಿದ, ಬೀಳುವುದಕ್ಕೆ. ಗೆಲ್ಲುವವನು ತರೀಕೆರೆಯ ಜಿಮ್ಮಿನ ಒಬ್ಬ ಯುವಕ, ನೋಡಲು ಲಕ್ಷಣವಾಗಿದ್ದ, ಫೋನಿನಲ್ಲಿ ಅವನ ವಿಡಿಯೋ ನೋಡುವವರು ಬಹಳವಂತೆ. “ಹಳೇ ಹುಲೀನ ಹೊಸ ಹುಲಿ ಸೋಲಿಸ್ಬೇಕು ಅಂಕಲ್, ಆಗ್ಲೇ ಜನಕ್ಕೆ ಮಜ” ಎಂದ ಲೋಹಿತ, ಅದೇ ನಾಚಿಕೆಯಿಂದ. ಕುಸ್ತಿಗೆ ಬರಲು ತಿಪ್ಪೇಶಿಯನ್ನು ಹುಡುಗರು ಮೊದಲೇ ಒಪ್ಪಿಸಿದ್ದರು; ಬೀಳಬೇಕೆಂಬ ಸುದ್ದಿ ತಲುಪಿದ ಸಂಜೆ ಅವನು ಅಂಗಡಿಗೆ ಬಂದ. ಮೊದಲ ಸಲ ಬೆಲ್ಟನ್ನು ಎತ್ತಿಕೊಂಡು ಮಡಿಲಲ್ಲಿಟ್ಟುಕೊಂಡ.

“ಅಳತೆ ತಗೊಂಡ್ಯಲ್ಲೋ” ಎಂದ.

“ಅಂದಾಜಿಗೆ ತಗೊಂಡೆ ಕಣೋ. ಅವತ್ತೇ ಹೇಳ್ಬೇಕಿತ್ತು.”

“ಗೊತ್ತಿತ್ತಾ ನಿಂಗೆ, ನಾನೇನು ತಿಳ್ಕಂಡೆ ಅಂತ?”

ಸುಳ್ಳು ಹೇಳಬಹುದಿತ್ತು. “ಗೊತ್ತಿತ್ತು” ಎಂದೆ. ಅವನು ಬೈಯಲಿಲ್ಲ, ಕೈ ಎತ್ತಲಿಲ್ಲ. ಎತ್ತಿದ್ದರೆ ನನಗೆ ಹೊಟ್ಟೆಗೆ ಹಾಲು ಹುಯ್ದಂತಾಗುತ್ತಿತ್ತು. “ಬರ್ತೀನಿ ಅಂತ ಮಾತು ಕೊಟ್ಟಿದೀನಿ ಆ ಹುಡುಗ್ರಿಗೆ, ತಪ್ಪಕ್ಕಾಗಲ್ಲ” ಎಂದು ಬೆಲ್ಟನ್ನು ಮೇಜಿನ ಮೇಲಿಟ್ಟು ಬಸ್ಸಿಗೆ ಹೋದ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ನಮ್ಮಲ್ಲಿ ತಮಾಷೆಗೆ ಹೇಳುವಂಥದು. ಅಂದು ಅದು ಅಕ್ಷರಶಃ ನಿಜವಾಯಿತು, ಏಕೆಂದರೆ ಆ ಕಣದಲ್ಲಿ ಮಣ್ಣೇ ಇರಲಿಲ್ಲ; ಸ್ಪಂಜಿನ ಹಾಸಿಗೆ, ಅದರ ಮೇಲೆ ನಾನೇ ಹೊಲಿದ ನೀಲಿ ಟಾರ್ಪಾಲು. ಹೇಳಿದ ಹೊತ್ತಿಗೆ, ಹೇಳಿದ ಜಾಗದಲ್ಲಿ, ಹೇಳಿದ ಹಾಗೆ ತಿಪ್ಪೇಶಿ ಬಿದ್ದ. ನನ್ನ ಹೊಲಿಗೆಯ ಮೇಲೆ ಅವನ ಬೆನ್ನು ತಾಗಿದಾಗ ನಾನು ಕಣ್ಣು ಮುಚ್ಚಿಕೊಂಡೆ. ಸುತ್ತ ಸೀಟಿ, ಕೇಕೆ. ಕಣ್ಣು ತೆರೆದಾಗ ಹೊಸ ಚಾಂಪಿಯನ್ನನ ಸೊಂಟಕ್ಕೆ ಬೆಲ್ಟು ಕಟ್ಟುತ್ತಿದ್ದರು.

ಬೆಲ್ಟು ನಿಲ್ಲಲಿಲ್ಲ. ಅದನ್ನು ಹೊಸಬನ ಅಳತೆಗೆ ಕತ್ತರಿಸಲು ನನಗೆ ಮನಸ್ಸು ಬಂದಿರಲಿಲ್ಲ, ಲೋಹಿತನೂ ಕೇಳಿರಲಿಲ್ಲ. ಮೂವತ್ತೊಂದು ಇಂಚಿನ ಸೊಂಟಕ್ಕೆ ನಲವತ್ತೊಂದರ ಬೆಲ್ಟು! ಕೊನೆಯ ಗುಂಡಿಗೆ ಸಿಕ್ಕಿಸಿದರೂ ತೊಡೆಗೆ ಜಾರಿತು. ಜನ ಹೋ ಎಂದು ನಕ್ಕರು. ಆ ಯುವಕನ ಮುಖ ಸಣ್ಣದಾಯಿತು. ಆಗ ಬಿದ್ದಲ್ಲಿಂದ ಎದ್ದ ತಿಪ್ಪೇಶಿ ಅವನ ಹಿಂದೆ ಹೋಗಿ ನಿಂತು, ಬೆಲ್ಟಿನ ಎರಡು ತುದಿಗಳನ್ನೂ ಬಿಗಿಯಾಗಿ ಸೆಳೆದು ಅವನ ಬೆನ್ನ ಹಿಂದೆ ಹಿಡಿದುಕೊಂಡ. “ಕೈ ಮೇಲೆತ್ತಪ್ಪ, ಪಟ ತೆಗೀತಾರೆ” ಎಂದನಂತೆ. ಫೋಟೋ ತೆಗೆದು ಮುಗಿಯುವವರೆಗೂ ಹಾಗೇ ಬಗ್ಗಿ ನಿಂತಿದ್ದ. ಆ ಫೋಟೋ ಎಲ್ಲರ ಫೋನಿನಲ್ಲೂ ಓಡಾಡಿತು. ಅದರಲ್ಲಿ ತಿಪ್ಪೇಶಿಯಿಲ್ಲ, ಚಾಂಪಿಯನ್ನನ ಪಕ್ಕೆಯ ಹತ್ತಿರ ನಾಲ್ಕು ಬೆರಳು ಮಾತ್ರ ಕಾಣುತ್ತವೆ.

ಮರುದಿನ ಬೆಲ್ಟು ನನ್ನಲ್ಲಿಗೇ ಬಂತು. ಹತ್ತು ಇಂಚು ಕತ್ತರಿಸಿದೆ.

ತಿಪ್ಪೇಶಿ ಆಮೇಲೆ ಗರಡಿಗೆ ಹೋಗಲಿಲ್ಲ. ಬೀಡಿ ಮತ್ತೆ ಹತ್ತಿತು. ಮಂಡಿಗೆ ಹೋಗುವಾಗ ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತಿದ್ದ. ಟೀ ಹೊತ್ತಿಗೆ ನನ್ನ ಕಣ್ಣು ಬಾಗಿಲಿಗೆ ಹೋಗುತ್ತಿತ್ತು, ಬರಿದೇ ವಾಪಸು ಬರುತ್ತಿತ್ತು. ಸ್ನೇಹ ಸತ್ತರೆ ಸೂತಕವಿಲ್ಲ, ತಿಥಿಯಿಲ್ಲ. ಅಳುವುದಕ್ಕೆ ಜಾಗ ಯಾವುದೆಂದೇ ತಿಳಿಯದೆ ನಾನು ಸೀಟು ಹೊಲಿದೆ.

ಹೋದ ತಿಂಗಳು ಒಂದು ಮಧ್ಯಾಹ್ನ ಅವನು ಬಂದ. ಮೂಟೆ ಹೊರುವಾಗ ಹೆಗಲಿಗೆ ಹಾಕಿಕೊಳ್ಳುವ ಮೆತ್ತೆ ಹರಿದಿತ್ತು. ಹೊಸದು ಬೇಕೆಂದ. ಕೂರು ಎಂದೆ, ಕೂತ. ಟೀ ತರಿಸಿದೆ, ಕುಡಿದ. ಅಷ್ಟಕ್ಕೇ ನನ್ನ ಎದೆ ತುಂಬಿ, ದಡಬಡಿಸಿ ಎದ್ದು, ಅವನ ಹೆಗಲಿನ ಅಗಲ ಹಿಡಿಯಲೆಂದು ಮೊಳೆಯ ಮೇಲಿನ ಟೇಪಿಗೆ ಕೈ ಚಾಚಿದೆ.

“ಅಳತೆ ಬೇಡ ಕಣೋ ಪರಮೇಶಿ” ಎಂದ, ಮೆಲ್ಲಗೆ. “ಅಂದಾಜಲ್ಲೇ ಹೊಲಿ.”

ಟೇಪು ಮೊಳೆಯಲ್ಲೇ ಉಳಿಯಿತು. ನಾನು ಅಂದಾಜಿನಲ್ಲೇ ಹೊಲಿದುಕೊಟ್ಟೆ.